ಕಾರಣ: ಗಾಳಿ

ಗೇಟಿನ ಕಾವಲುಗಾರ ಕೊಟ್ಟ ಬಿಲ್ಲೆಯ ಮೇಲೆ ‘ಜೊತೆಗೆ ಬಂದವರು’ ಎಂದು ಅಚ್ಚಾಗಿತ್ತು. ಅಕ್ಕನದು ನೀಲಿ ಬಿಲ್ಲೆ. ಅದರ ಮೇಲೆ ‘ಷೇರುದಾರರು’ ಎಂದಿತ್ತು. ಅವಳ ತಮ್ಮ, ಸರ್ವೆ ಕಚೇರಿಯಿಂದ ನಿವೃತ್ತನಾದ ಮಟ್ಟಗಾರ, ತನ್ನ ಬಿಳಿಯ ಬಿಲ್ಲೆಯನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಳ್ಳುತ್ತ, ಹನ್ನೊಂದು ವರ್ಷ ಇದೇ ಗೇಟಿನೆದುರು ಮುಕ್ಕಾಲಿಯ ಮೇಲೆ ಮಟ್ಟದ ಯಂತ್ರವನ್ನಿರಿಸಿ ಒಂದು ಕಣ್ಣು ಮುಚ್ಚಿ ನಿಂತಿದ್ದ ತನ್ನನ್ನು ಈತ ಗುರುತಿಸಲಿಲ್ಲವಲ್ಲ ಎಂದು ಒಂದು ಕ್ಷಣ ನೊಂದ. ಮರುಕ್ಷಣ, ಗುರುತಿಸದಿದ್ದುದೇ ಒಳ್ಳೆಯದಾಯಿತೆಂದು ನಿರಾಳನಾದ. ಆ ನಿರಾಳತೆಯ ಬೇರು ಯಾವ ಮಣ್ಣಿನಲ್ಲಿದೆಯೆಂದು ಹೊಳೆದಾಗ ಮತ್ತೆ ನೊಂದ. ಇಷ್ಟು ನಡೆಯುವುದರೊಳಗೆ ಅಕ್ಕ ಹಳದಿ ಹೆಲ್ಮೆಟ್ಟನ್ನು ತಲೆಗೇರಿಸಿ, ಗದ್ದದ ಪಟ್ಟಿಯನ್ನು ಎಳೆದು ನೋಡಿ, ಅದರ ಹೊಲಿಗೆಯನ್ನು ಉಗುರಿನಿಂದ ಕೆರೆದು, “ದಾರ ಚೆನ್ನಾಗಿಲ್ಲ. ಇನ್ನೆರಡು ತಿಂಗಳೂ ಬರಲ್ಲ,” ಎಂದು ಕಾವಲುಗಾರನಿಗೆ ವರದಿ ಒಪ್ಪಿಸಿಯಾಗಿತ್ತು.

“ಅಕ್ಕಾ, ಸುಮ್ಮನಿರು. ಅವರು ಕಂಪನಿಯೋರು.”

“ಕಂಪನಿ ನಂದೂ ಹೌದು ಕಣೋ. ಬಿಲ್ಲೆ ನೋಡು.”

ಅವಳ ಮಾತು ಸುಳ್ಳಲ್ಲ. ನೆಲದ ಆಳದಿಂದ ಉಪ್ಪುನೀರನ್ನೆತ್ತಿ, ಅದರೊಳಗೆ ಕರಗಿದ ಅನಿಲವನ್ನು ಊರಿನ ಒಲೆಗಳಿಗೂ, ಅದರೊಳಗಿನ ಅಯೋಡಿನ್ನನ್ನು ಔಷಧ ಮಾಡುವವರಿಗೂ ಮಾರುವ ಈ ಸಣ್ಣ ಕಂಪನಿಯಲ್ಲಿ ಹೊಲಿಗೆಯ ಅಕ್ಕನಿಗೆ ಇಪ್ಪತ್ತು ವರ್ಷದಿಂದ ಪಾಲಿದೆ. ಅವಳಿಗೀಗ ಎಪ್ಪತ್ತೊಂದು. ಹೋದ ತಿಂಗಳು ಕಣ್ಣು ಸೂಜಿಯೊಡನೆ ಸಹಕರಿಸಲೊಲ್ಲೆನೆಂದಾಗ ಅಂಗಡಿಯನ್ನೂ ಮೂರು ಯಂತ್ರಗಳನ್ನೂ ಬೇರೆಯವರಿಗೆ ಬಿಟ್ಟುಕೊಟ್ಟಳು. ಬಂದದ್ದು ಮುಂದಿನ ಬಾಳಿಗೆಲ್ಲ ಸಾಕಾಗಬೇಕಾದ ಹಣ. ಅದೇ ಹೊತ್ತಿಗೆ ಕಂಪನಿ ಮೂರು ಹೊಸ ಬಾವಿ ತೋಡುತ್ತೇವೆ, ಹೊಸ ಷೇರು ಕೊಡುತ್ತೇವೆ, ಅರ್ಜಿಯ ಕೊನೆಯ ದಿನ ಇಂದು ಸಂಜೆ ಐದು ಗಂಟೆ ಎಂದು ನುಣುಪು ಕಾಗದದ ಪತ್ರಿಕೆಯೊಂದನ್ನು ಅಂಚೆಯಲ್ಲಿ ಕಳುಹಿಸಿತು. ಬಸ್ಸಿನಲ್ಲಿ ಅಕ್ಕ ಅದನ್ನು ಕಣ್ಣಿನಿಂದ ಮೊಳದುದ್ದ ದೂರ ಹಿಡಿದು ಗಟ್ಟಿಯಾಗಿ ಓದಿದ್ದಳು: ‘ಕಳೆದ ಒಂಬತ್ತು ವರ್ಷಗಳಲ್ಲಿ ನಮ್ಮ ಕಾರ್ಖಾನೆಯ ಸುತ್ತಲಿನ ನೆಲವು ಒಂದು ವರ್ಷವೂ ನಿಗದಿತ ಮಿತಿಯನ್ನು ಮೀರಿ ಕುಸಿದಿಲ್ಲ.’ ಮುಂದಿನ ಸೀಟಿನವರು ತಿರುಗಿ ನೋಡಿದ್ದರು. “ಇದು ನಿನ್ನ ಕೆಲಸ ಅಲ್ವೇನೋ ಪುಟ್ಟು? ಅಚ್ಚು ಹಾಕಿಸಿದ್ದಾರೆ ನೋಡು!” ಎಂದು ಅವಳು ಮೊಣಕೈಯಿಂದ ತಿವಿದಾಗ ಅವನು ಕಿಟಕಿಯಾಚೆ ಏನನ್ನೋ ಕಂಡವನಂತೆ ನಟಿಸಿದ್ದ.

ಅವನ ಕೆಲಸವೇ ಹೌದು. ನೀರು ಮೇಲೆ ಬಂದಷ್ಟೂ ಅದನ್ನು ಹೊತ್ತಿದ್ದ ಮರಳು ಒತ್ತಿಕೊಂಡು ನೆಲ ಇಳಿಯುತ್ತದೆ. ಊರಿಗೂರೇ ಒಟ್ಟಾಗಿ ಇಳಿಯುವುದರಿಂದ ಗೋಡೆ ಬಿರಿಯುವುದಿಲ್ಲ, ಬಾಗಿಲು ಹಿಡಿದುಕೊಳ್ಳುವುದಿಲ್ಲ, ಯಾರಿಗೂ ಏನೂ ತಿಳಿಯುವುದಿಲ್ಲ. ತಿಳಿಯಬೇಕಾದವನು ಸರ್ವೆ ಕಚೇರಿಯ ಮಟ್ಟಗಾರನೊಬ್ಬನೇ. ವರ್ಷಕ್ಕೊಮ್ಮೆ ಗುಡ್ಡದ ಅಲುಗದ ಬಂಡೆಯಿಂದ ಕಂಪನಿಯ ಗೇಟಿನ ಕಲ್ಲಿನವರೆಗೆ ಅವನು ಅಳೆಯಬೇಕು. ಇಳಿತ ಹತ್ತೊಂಬತ್ತು ಮಿಲಿಮೀಟರನ್ನು ದಾಟಿದರೆ ಕಂಪನಿ ನೀರೆತ್ತುವುದನ್ನು ಐದರಲ್ಲೊಂದು ಪಾಲು ಕಡಿಮೆ ಮಾಡಬೇಕು. ಕಚೇರಿಯಲ್ಲಿ ಅವನಿಗೆ ಮಿಲಿಮೀಟರ್ ಸಾರ್ ಎಂಬ ಹೆಸರೇ ನಿಂತುಹೋಗಿತ್ತು. ಆಡುವ ಮಾತನ್ನೂ ಅಳೆದೇ ಆಡುವವನೆಂಬ ಕಾರಣಕ್ಕೆ ಅಕ್ಕ ಅವನ ಮಾತನ್ನು ಶಾಸನದಂತೆ ಸ್ವೀಕರಿಸಿದ್ದಳು. ಇಪ್ಪತ್ತು ವರ್ಷದ ಹಿಂದಿನ ಆ ಮಧ್ಯಾಹ್ನ ಯಂತ್ರದ ಸೂಜಿ ಅವಳ ತೋರುಬೆರಳ ಉಗುರನ್ನು ತೂರಿ ಆಚೆ ಬಂದಿತ್ತು. ಅವನು ಬೆರಳನ್ನು ಹಿಡಿದುಕೊಂಡು ಅಯೋಡಿನ್ ಹಚ್ಚುತ್ತಿದ್ದ, ಅವಳು ಅಳಬಾರದೆಂದು ಹಲ್ಲು ಕಚ್ಚಿ, “ಏನಾದ್ರೂ ಮಾತಾಡೋ! ಈ ಹೊಲಿಗೆ ದುಡ್ಡನ್ನ ಎಲ್ಲಿ ಹಾಕಲಿ, ಅದನ್ನಾದ್ರೂ ಹೇಳು,” ಎಂದಿದ್ದಳು. ಅವನ ಕಣ್ಣು ಬಾಟಲಿಯ ಚೀಟಿಯ ಮೇಲಿತ್ತು. “ಇದನ್ನ ಮಾಡೋರು ನಮ್ಮೂರಲ್ಲೇ ಇದ್ದಾರೆ. ಒಳ್ಳೇ ಕಂಪನಿ,” ಎಂದ. ಅಷ್ಟೇ. ಆ ಎರಡು ಪದಗಳ ಮೇಲೆ ಅವಳು ಇಪ್ಪತ್ತು ವರ್ಷದ ಕಾಜು ಗುಂಡಿಗಳ ಸಂಪಾದನೆಯನ್ನು ತಂದು ಸುರಿದಳು. ಆ ಮಧ್ಯಾಹ್ನದ ಆರು ವರ್ಷದ ಮೇಲೆ ಅವನನ್ನು ಈ ಗೇಟಿನವರೆಗಿನ ಅಳತೆಗೆ ಹಾಕಿದಾಗ, ಅಳೆಯುವವನಾಗಲಿ ಅವನ ಮನೆಯವರಾಗಲಿ ಕಂಪನಿಯಲ್ಲಿ ಪಾಲುಳ್ಳವರೇ ಎಂಬ ಪ್ರಶ್ನೆಯಿದ್ದ ನಮೂನೆಯೊಂದು ಬಂದಿತ್ತು. ಅಕ್ಕ ‘ಮನೆಯವಳೇ’? ಒಂದಿಡೀ ಸಂಜೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅಕ್ಕ ಇರುವುದು ಬೇರೆ ಬೀದಿಯಲ್ಲಿ. ಅವಳ ಒಲೆ ಬೇರೆ. ‘ಇಲ್ಲ’ ಎಂದು ಬರೆದ. ಬರೆದದ್ದು ನಿಯಮಕ್ಕೆ ಸರಿಯಿತ್ತು. ಆದರೆ ಅಕ್ಕ ಮನೆಯವಳಲ್ಲವೆಂದು ಮೊದಲ ಸಲ ತನ್ನ ಕೈಯಾರೆ ಬರೆದನಲ್ಲ ಎಂಬುದು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಉಳಿಯಿತು.

“ಬನ್ನಿ ಅಮ್ಮಾ, ಹುಷಾರು, ಇಲ್ಲಿ ಮೆಟ್ಟಿಲಿದೆ,” ಎಂದು ಕಂಪನಿಯ ಎಂಜಿನಿಯರಮ್ಮ ಮುಂದೆ ನಡೆದಳು. ನಲವತ್ತರ ಆಸುಪಾಸಿನ, ನಗು ಮುಖದ ಹೆಂಗಸು. ಬಂದವರು ಹದಿನೈದು ಜನ. ಎಲ್ಲರೂ ಅಕ್ಕನಂತೆ ಸಣ್ಣ ಪಾಲಿನವರು, ಸಣ್ಣ ಪಾಲಿನವರಿಗಷ್ಟೇ ಸಾಧ್ಯವಾದ ಗಾಂಭೀರ್ಯದಿಂದ ಕೈಗಳನ್ನು ಹಿಂದೆ ಕಟ್ಟಿಕೊಂಡು ಕೊಳವೆಗಳನ್ನು ಪರೀಕ್ಷಿಸುತ್ತಿದ್ದರು. ಬಾವಿಯ ತಲೆಯೆಂದರೆ ಎದೆಯೆತ್ತರದ ಹಸಿರು ಕವಾಟ, ಅದರ ಪಕ್ಕದಲ್ಲಿ ಒಂದು ಆಳೆತ್ತರದ ಗಾಜಿನ ಕೊಳವೆ. ಆಳದಲ್ಲಿ ಒತ್ತಡಕ್ಕೆ ಸಿಕ್ಕಿದ್ದ ನೀರು ಮೇಲೆ ಬರುತ್ತಲೇ ಬಿಗಿ ಸಡಿಲಿ, ಅನಿಲವೆಲ್ಲ ಕಿರುಗುಳ್ಳೆಗಳಾಗಿ ಬಿಡುಗಡೆ ಪಡೆಯುತ್ತಿತ್ತು. ಬಣ್ಣವಿಲ್ಲದ ನೀರಿನಲ್ಲಿ ಬಣ್ಣವಿಲ್ಲದ ಗುಳ್ಳೆಗಳು. ಆದರೂ ನೋಟ ಕೀಳಲಾಗದು. ಒಳಗಿದ್ದುದು ಒಳಗಿರಲಾರದೆ ಹೊರಬರುವ ಆ ತಾಳ್ಮೆಗೆಟ್ಟ ಸೌಮ್ಯತೆಯನ್ನು ಮಟ್ಟಗಾರ ದಿಟ್ಟಿಸುತ್ತಿದ್ದ.

“ಇದು ಲಕ್ಷಾಂತರ ವರ್ಷದ ಹಿಂದಿನ ಸಮುದ್ರ. ಮಣ್ಣಿನಡಿ ಸಿಕ್ಕಿಹಾಕ್ಕೊಂಡಿದೆ,” ಎಂದಳು ಎಂಜಿನಿಯರಮ್ಮ.

“ಅಷ್ಟು ಹಳೇ ನೀರಾ? ಕೆಟ್ಟಿಲ್ವಾ?” ಅಕ್ಕ ಕೇಳಿದಳು.

“ಉಪ್ಪು ಹಾಕಿಟ್ಟಿದೆಯಲ್ಲಮ್ಮಾ, ಹೆಂಗೆ ಕೆಡುತ್ತೆ?”

ಅಕ್ಕನಿಗೆ ಉತ್ತರ ಬಹಳ ಹಿಡಿಸಿತು. ಪಕ್ಕದಲ್ಲಿದ್ದ, ಬ್ಯಾಂಕಿನಿಂದ ನಿವೃತ್ತರಾದವರೊಬ್ಬರಿಗೆ ಹಿಡಿಸಲಿಲ್ಲ. ಅವರು ಪತ್ರಿಕೆಯ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದುಕೊಂಡು ಬಂದಿದ್ದರು. “ನೀರು ತೆಗೀತಾ ಹೋದ್ರೆ ನೆಲ ಕೂರುತ್ತಲ್ಲ ಮೇಡಂ? ಒಂದಿನ ಸರ್ಕಾರ ಬಾವಿ ಮುಚ್ಚಿ ಅಂದ್ರೆ ನಮ್ಮ ಗತಿ?”

“ಒಂಬತ್ತು ವರ್ಷದಲ್ಲಿ ಒಂದು ಸಲವೂ ಮಿತಿ ದಾಟಿಲ್ಲ ಸಾರ್. ನಾವು ಹೇಳ್ತಿರೋದಲ್ಲ, ಸರ್ವೆ ಕಚೇರಿಯೋರು ಅಳೆದಿರೋದು.”

“ಅಳೆದೋನು ಇವನೇ!” ಅಕ್ಕ ತಮ್ಮನ ತೋಳು ಹಿಡಿದು, ಅಂಗಡಿಯಲ್ಲಿ ಹೊಲಿದ ಕೋಟನ್ನು ಗಿರಾಕಿಯ ಮುಂದೆ ಬಿಡಿಸಿ ಹಿಡಿಯುವಂತೆ ಅವನನ್ನು ಮುಂದಕ್ಕೆ ಎಳೆದಳು. “ನನ್ನ ತಮ್ಮ. ಕೂದಲೆಳೆ ಆಚೀಚೆ ಹೋಗೋ ಮನುಷ್ಯ ಅಲ್ಲ.”

ಹದಿನಾಲ್ಕು ಹಳದಿ ಹೆಲ್ಮೆಟ್ಟುಗಳು ತಿರುಗಿದವು. ಎಂಜಿನಿಯರಮ್ಮ, “ಅಯ್ಯೋ, ಮಿಲಿಮೀಟರ್ ಸಾರ್ ನೀವೇನಾ! ಹೆಸರು ಕೇಳಿದ್ದೆ,” ಎಂದು ಎರಡೂ ಕೈಗಳಿಂದ ಅವನ ಕೈ ಕುಲುಕಿದಳು. ಬ್ಯಾಂಕಿನವರು ಕೆಂಪು ಗೆರೆಯ ಪಕ್ಕದಲ್ಲಿ ಸರಿ ಎಂದು ಗುರುತು ಹಾಕಿಕೊಂಡರು. ಆ ಸಣ್ಣ ಕೆಂಪು ಗುರುತನ್ನು ಕಂಡಾಗ ಮಟ್ಟಗಾರನಿಗೆ ತನ್ನ ಹೆಲ್ಮೆಟ್ಟು ತಲೆಗಿಂತ ದೊಡ್ಡದೆಂದೂ, ಮಾತಾಡಿದರೆ ಅದು ಹುಬ್ಬಿನ ಮೇಲೆ ಜಾರಿ ನಗೆಪಾಟಲಾಗುವುದೆಂದೂ ಭಯವಾಯಿತು. ಬೈದಿದ್ದರೆ ತಡೆಯಬಹುದಿತ್ತು. ಹೊಗಳಿಕೆಯೆಂಬುದು, ತಪ್ಪಿತಸ್ಥನ ಕೈಗೆ ಸಿಕ್ಕಾಗ, ಬೆಂಕಿಯಿಂದ ಆಗಷ್ಟೇ ಇಳಿಸಿದ ಪಾತ್ರೆ. ಹಿಡಿದಿರಲೂ ಆಗದು, ಎಲ್ಲರೆದುರು ಕೆಳಗೆ ಹಾಕಲೂ ಆಗದು. “ಕೆಲಸ... ಅಷ್ಟೇ,” ಎಂದ.

ಏಳು ವರ್ಷದ ಹಿಂದಿನ ಆ ದಿನವೂ ಅವನು ಕೆಲಸವನ್ನಷ್ಟೇ ಮಾಡಿದ್ದ. ಬಂಡೆಯಿಂದ ಹೊರಟು, ನಲವತ್ತು ಹೆಜ್ಜೆಗೊಮ್ಮೆ ಯಂತ್ರವಿರಿಸಿ, ಅದರ ಗಾಜಿನ ನಳಿಕೆಯ ಗುಳ್ಳೆ ನಟ್ಟನಡುವೆ ನಿಲ್ಲುವವರೆಗೆ ಉಸಿರು ಬಿಗಿಹಿಡಿದು, ಹಿಂದಿನ ಅಳತೆಗೋಲನ್ನೂ ಮುಂದಿನ ಅಳತೆಗೋಲನ್ನೂ ಓದುತ್ತ ಗೇಟಿನ ಕಲ್ಲು ತಲುಪಿದಾಗ ಇಳಿತ ಇಪ್ಪತ್ತೊಂದು ಎಂದು ಬಂದಿತ್ತು. ಅದೇ ದಾರಿಯಲ್ಲಿ ಅಳೆಯುತ್ತ ಹಿಂದಿರುಗಿದಾಗ ಹದಿನೇಳು. ಎರಡರ ನಡುವೆ ಮೂರಕ್ಕಿಂತ ಹೆಚ್ಚು ವ್ಯತ್ಯಾಸ ಬರಕೂಡದು. ಬಂದರೆ ಮತ್ತೊಮ್ಮೆ ಅಳೆಯಬೇಕು. ಮರುದಿನ ಅಳೆದ. ಹತ್ತೊಂಬತ್ತು. ನಡುವಿನ ಮೆಟ್ಟಿಲ ಮೇಲೆ ನಿಂತು ಎರಡೂ ಕಡೆಗೆ ಕೈಚಾಚಿದ ಸಂಖ್ಯೆ! ಇಪ್ಪತ್ತೊಂದನ್ನು ಬಿಟ್ಟರೆ ಸರಾಸರಿ ಹದಿನೆಂಟು, ಕಂಪನಿಗೆ ತೊಂದರೆಯಿಲ್ಲ. ಹದಿನೇಳನ್ನು ಬಿಟ್ಟರೆ ಇಪ್ಪತ್ತು. ಮಿತಿ ದಾಟಿತು, ಪಂಪು ಇಳಿಸಬೇಕು. ಇಂಥಲ್ಲಿ ನಾಲ್ಕನೆಯ ಸಲ ಅಳೆಯಬೇಕು, ಇಲ್ಲವೆ ಒಂದನ್ನು ಬಿಟ್ಟುದಕ್ಕೆ ಕಾರಣ ಬರೆಯಬೇಕು. ನಾಲ್ಕನೆಯ ಸಲ ಅಳೆಯಲು ಮೂರನೆಯ ದಿನವಿತ್ತು. ಕಾಲಿನಲ್ಲಿ ಬಲವೂ ಇತ್ತು. ರಸ್ತೆಯ ಬದಿಯ ಮೋಟುಗೋಡೆಯ ಮೇಲೆ ಕೂತು ಅಳತೆ ಬರೆಯುವ ಫೀಲ್ಡ್ ಬುಕ್ಕನ್ನು ಬಿಚ್ಚಿದ. ಮೊದಲ ಓಟದ, ಅಂದರೆ ಇಪ್ಪತ್ತೊಂದು ಬಂದ ಅಳತೆಯ, ಪುಟದಲ್ಲಿ ‘ಹವೆ’ ಎಂಬ ಖಾನೆಯನ್ನು ತುಂಬುವುದು ಹಿಂದಿನ ದಿನ ಮರೆತುಹೋಗಿತ್ತು. ಗಾಳಿ ಬೀಸಿದರೆ ಅಳತೆಗೋಲು ಅಲ್ಲಾಡುತ್ತದೆ, ಓದು ತಪ್ಪುತ್ತದೆ. ಇದು ಯಾವ ಮಟ್ಟಗಾರನೂ ಒಪ್ಪುವ ಮಾತು. ಆ ಖಾಲಿ ಖಾನೆಯಲ್ಲಿ ಅವನ ಕೈ ‘ಗಾಳಿ’ ಎಂದು ಬರೆಯಿತು. ಕೆಳಗೆ, ‘ಮೊದಲ ಓಟವನ್ನು ಕೈಬಿಡಲಾಗಿದೆ. ಕಾರಣ: ಗಾಳಿ.’

ಗಾಳಿ ಇರಲಿಲ್ಲವೆಂದು ಅವನು ಹೇಳಲಾರ. ಇತ್ತೆಂದೂ ಹೇಳಲಾರ. ಕೋಲು ಹಿಡಿದಿದ್ದವನು ತೀರಿಕೊಂಡಿದ್ದಾನೆ. ಮರುವರ್ಷದ ಅಳತೆಯಾದರೂ ನಿಜ ನುಡಿಯಬಹುದಿತ್ತು. ಆ ವರ್ಷ ರಿಪೇರಿಗೆಂದು ಪಂಪುಗಳು ಮೂರು ತಿಂಗಳು ನಿಂತಿದ್ದವು, ಇಳಿತ ಹನ್ನೊಂದು ಎಂದು ಬಂತು, ಆ ಹನ್ನೊಂದರೊಳಗೆ ಹಳೆಯ ಎರಡು ಅಡಗಿ ಕೂತಿದ್ದವೋ ಇಲ್ಲವೋ ದೇವರೇ ಬಲ್ಲ. ಅವನನ್ನು ಸುಡುತ್ತಿದ್ದುದು ಎರಡು ಮಿಲಿಮೀಟರಲ್ಲ. ಸಂಖ್ಯೆಗಳು ತಿರುವುಮುರುವಾಗಿದ್ದರೆ, ಹದಿನೇಳನ್ನು ಬಿಟ್ಟು ಕಂಪನಿಗೆ ಪೆಟ್ಟು ಬೀಳುವಂತಿದ್ದರೆ, ಆಗಲೂ ಗಾಳಿಯ ನೆನಪು ಇಷ್ಟೇ ಸಲೀಸಾಗಿ ಬರುತ್ತಿತ್ತೇ? ದಿನವೂ ಮುಂಜಾನೆ ಕಣ್ಣುಮುಚ್ಚಿ ಕೈಮುಗಿದಾಗ, ಸ್ತುತಿಯ ಎರಡನೆಯ ಸಾಲಿಗೂ ಮೂರನೆಯ ಸಾಲಿಗೂ ನಡುವೆ ಈ ಪ್ರಶ್ನೆ ಬಂದು ನಿಲ್ಲುತ್ತಿತ್ತು. ಒಳಗಿರುವ ಸಾಕ್ಷಿ ಏನನ್ನೂ ಕೇಳುತ್ತಿರಲಿಲ್ಲ, ಸುಮ್ಮನೆ ನೋಡುತ್ತಿತ್ತು. ಕೇಳಿದ್ದರೆ ವಾದಿಸಬಹುದಿತ್ತು.

ಅಯೋಡಿನ್ನಿನ ಕೋಣೆಯಲ್ಲಿ ಎಂಜಿನಿಯರಮ್ಮ ಸೀಸೆಯೊಂದರಲ್ಲಿ ಕಪ್ಪನೆಯ ಕಾಳುಗಳನ್ನು ತೋರಿಸಿದಳು. ಅನಿಲ ಬಿಟ್ಟುಹೋದ ನೀರಿನೊಳಗೆ ಗಾಳಿಯೂದಿ ಇದನ್ನು ಆವಿಯಾಗಿ ಎಬ್ಬಿಸುತ್ತಾರೆ, ಹಿಡಿಯುತ್ತಾರೆ, ಕರಗಿಸಿ ಕಾಳು ಕಟ್ಟುತ್ತಾರೆ. ಒಂದು ಕಾಳನ್ನು ಗಾಜಿನ ಬುರುಡೆಯಲ್ಲಿ ಮುಚ್ಚಿ ಕೆಳಗೆ ಬಿಸಿ ತಾಗಿಸಿದಳು. ಕಾಳಿನ ಸುತ್ತ ಮೊದಲು ಏನೂ ಇರಲಿಲ್ಲ, ಆಮೇಲೆ ನೇರಳೆ. ಇಂಥ ನೇರಳೆಯನ್ನು ಯಾವ ಬಟ್ಟೆಯಲ್ಲೂ ತಾನು ಹೊಲಿದಿಲ್ಲವೆಂದು ಅಕ್ಕ ಉಸುರಿದಳು. ಹೆಲ್ಮೆಟ್ಟನ್ನು ಹಿಂದಕ್ಕೆ ತಳ್ಳಿ, ಮಂಜಾದ ಕಣ್ಣುಗಳನ್ನು ಗಾಜಿಗೆ ತಾಗುವಷ್ಟು ಹತ್ತಿರ ತಂದಳು. ಆ ಬಣ್ಣ ಅವಳ ಕೆನ್ನೆಯ ಸುಕ್ಕುಗಳ ಮೇಲೆ ತೆಳುವಾಗಿ ಬಿದ್ದಾಗ, ಎಂಟು ವರ್ಷ ಹಿರಿಯಳಾದ ಈ ಹೆಂಗಸು ತನಗೆ ಅಕ್ಷರ ತಿದ್ದಿಸಿದವಳು, ತನ್ನ ಮೊದಲ ನೌಕರಿಯ ಅಂಗಿಯನ್ನು ಮೂರು ಸಲ ಬಿಚ್ಚಿ ಮೂರು ಸಲ ಹೊಲಿದವಳು, ತನ್ನ ಎರಡು ಪದಗಳಿಗೆ ಇಡೀ ಬಾಳನ್ನು ಒಪ್ಪಿಸಿದವಳು ಎಂಬ ಅರಿವು ಮಟ್ಟಗಾರನ ಎದೆಯನ್ನು ಒಮ್ಮೆಲೇ ಹಿಂಡಿತು. ಪಕ್ಕದ ಹಜಾರದಲ್ಲಿ ಮೇಜುಗಳನ್ನು ಹಾಕಿ ಅರ್ಜಿಗಳನ್ನು ಜೋಡಿಸಿದ್ದರು. ಬ್ಯಾಂಕಿನವರು ಆಗಲೇ ಕೂತು ಬರೆಯುತ್ತಿದ್ದರು. ಅಕ್ಕ ಕುರ್ಚಿ ಎಳೆದುಕೊಂಡು ಅರ್ಜಿಯನ್ನು ಅಂಗೈಯಿಂದ ನೀವಿ ಸುಕ್ಕು ತೆಗೆದಳು, ಸುಕ್ಕಿಲ್ಲದ ಕಾಗದವದು.

“ಹಾಕಲಾ?” ಎಂದಳು.

ಅವನು ಬ್ಯಾಂಕಿನವರ ಓಡುವ ಪೆನ್ನನ್ನು ನೋಡಿದ.

“ಅಂಗಡಿ ದುಡ್ಡು ಪೂರ್ತಿ ಹಾಕಲಾ ಅಂತ ಕೇಳ್ತಿದೀನಿ. ನೀನು ಹೂಂ ಅಂದ್ರೆ ಬರೀತೀನಿ.”

“ಅಕ್ಕಾ, ಸ್ವಲ್ಪ ಹೊರಗೆ ಬಾ.”

“ಇಲ್ಲೇ ಹೇಳೋ. ಕಾಲು ನೋಯುತ್ತೆ.”

“ಬಾ ಅಂದ್ನಲ್ಲ!”

ಜೀವಮಾನದಲ್ಲಿ ಅವನು ಅಕ್ಕನ ಮೇಲೆ ಎತ್ತಿದ ಮೊದಲ ದನಿ ಇದು. ಬ್ಯಾಂಕಿನವರ ಪೆನ್ನು ನಿಂತಿತು. ಅಕ್ಕ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು ಎದ್ದು ಬಂದಳು.

ಗೇಟಿನ ಹೊರಗೆ, ಮೊಣಕಾಲೆತ್ತರದ ಮಟ್ಟದ ಕಲ್ಲಿನ ಪಕ್ಕ ಇಬ್ಬರೂ ನಿಂತರು. ಅವನು ಹೇಳಿದ. ಹೇಳಬೇಕೆಂದು ಏಳು ವರ್ಷದಿಂದ ಒಳಗೊಳಗೇ ಜೋಡಿಸಿಟ್ಟಿದ್ದ ವಾಕ್ಯಗಳು ಒಂದೂ ಬರಲಿಲ್ಲ, ಬಂದದ್ದು ಸಂಖ್ಯೆಗಳು. ಇಪ್ಪತ್ತೊಂದು, ಹದಿನೇಳು, ಹತ್ತೊಂಬತ್ತು. ಖಾಲಿಯಿದ್ದ ಖಾನೆ. ಬರೆದ ಪದ. ನಮೂನೆಯಲ್ಲಿ ‘ಇಲ್ಲ’ ಎಂದದ್ದು. ಅಕ್ಕ ನಡುನಡುವೆ ತಡೆಯಲಿಲ್ಲ. ಕೊನೆಗೆ ಅವನು, “ಎರಡೇ ಮಿಲಿಮೀಟರು,” ಎಂದ. ಅವಳು ನಗಲಿ, ಇಷ್ಟಕ್ಕೆ ಇಷ್ಟೆಲ್ಲವೇನೋ ಎಂದು ತಲೆಗೊಂದು ಮೊಟಕಲಿ ಎಂಬ ಆಸೆ ಅವನ ದನಿಯಲ್ಲಿ ಬಾಲವಾಡಿಸುತ್ತಿತ್ತು.

ಅಕ್ಕ ನಗಲಿಲ್ಲ. “ಎರಡು ಮಿಲಿಮೀಟರ್ ಅಂದ್ರೆ ಕಾಲರು ಒಂದು ಕಡೆ ಎದ್ದು ನಿಲ್ಲುತ್ತೆ. ನೋಡೋರಿಗೆ ಗೊತ್ತಾಗಲ್ಲ. ಹಾಕ್ಕೊಂಡೋನು ದಿನವೆಲ್ಲ ಕತ್ತು ತಿರುಗಿಸ್ತಾ ಇರ್ತಾನೆ,” ಎಂದಳು. ಅವನ ಕಾಲರನ್ನು ನೇರಮಾಡಿ, “ಏಳು ವರ್ಷದಿಂದ ನೀನು ಹಂಗೇ ಇದೀಯಲ್ಲ. ನಾನು ಕತ್ತು ಉಳುಕಿದೆಯೇನೋ ಅಂದ್ಕೊಂಡಿದ್ದೆ,” ಎಂದಳು.

“ನಿನ್ನ ಷೇರು ಬೀಳಬಾರದು ಅಂತ ಬರೆದ್ನೋ, ನಿಜವಾಗ್ಲೂ ಗಾಳಿ ಇತ್ತೋ... ನನಗೇ ತಿಳೀತಿಲ್ಲ. ನನ್ನ ಮಾತು ನಂಬಿ ಹಾಕಿದ್ದೆ ನೀನು.”

“ಯಾವ ಮಾತು? ಬೆರಳಿಗೆ ಸೂಜಿ ಹೊಕ್ಕ ದಿನದ್ದಾ? ಬಾಟಲಿ ಓದಿ ಹೇಳಿದ್ದು ನನಗೆ ಕಾಣಿಸಲಿಲ್ಲ ಅಂದ್ಕೊಂಡ್ಯಾ? ಆಗ ನನ್ನ ಕಣ್ಣು ಚೆನ್ನಾಗಿತ್ತು ಕಣೋ.” ಅವಳು ಸೆರಗಿನಂಚಿನಿಂದ ಹಣೆ ಒರೆಸಿಕೊಂಡಳು. “ಬೆರಳು ಬಿಡಲಿಲ್ಲ ನೀನು. ಅದಕ್ಕೆ ಹಾಕಿದೆ. ಕಂಪನಿ ಯಾವುದಾದ್ರೂ ಆಗ್ತಿತ್ತು.”

ಆಗ ಅವನಿಗೆ ಥಟ್ಟನೆ ಹೊಳೆಯಿತು: ಮೊದಲ ಓಟದ ದಿನ ಮಧ್ಯಾಹ್ನ ಊಟಕ್ಕೆ ಹೋಗಿದ್ದುದು ಇವಳ ಅಂಗಡಿಗೇ. ಅಂಗಡಿ ಇದೇ ರಸ್ತೆಯಲ್ಲಿತ್ತು. ಬಾಗಿಲಿಗೊಂದು ಪರದೆ, ಹೊರಗಿನ ತಂತಿಗೆ ನೇತುಹಾಕಿದ ಹೊಲಿದ ಬಟ್ಟೆಗಳು. ಇಡೀ ಲೋಕದಲ್ಲಿ ಸಾಕ್ಷಿಯೊಬ್ಬಳು ಉಳಿದಿದ್ದಾಳೆ! ಅವನು ಅವಳ ಕೈ ಹಿಡಿದುಕೊಂಡ. “ಅಕ್ಕಾ, ಆ ದಿನ ಊಟಕ್ಕೆ ಬಂದಿದ್ದೆ. ಅಳತೆ ಮುಗಿಸಿ ಮರುದಿನವೂ ಬಂದೆ. ನೆನಪಿದೆಯಾ?”

“ಇದೆ. ತಟ್ಟೆ ಮುಂದಿಟ್ಕೊಂಡು ಗೋಡೆ ನೋಡ್ತಾ ಕೂತಿದ್ದೆ. ಹುಷಾರಿಲ್ವೇನೋ ಅಂತ ಹಣೆ ಮುಟ್ಟಿ ನೋಡ್ದೆ.”

“ಹಿಂದಿನ ದಿನ ಗಾಳಿ ಇತ್ತಾ? ಪರದೆ ಹಾರ್ತಿತ್ತಾ? ತಂತಿ ಮೇಲಿನ ಬಟ್ಟೆ?”

ಅಕ್ಕ ಅವನ ಮುಖವನ್ನು ನೋಡಿದಳು. ಕಣ್ಣು ಮಂಜಾದವರು ನೋಡುವ ರೀತಿಯೇ ಬೇರೆ. ಅವರು ಒಂದೊಂದೇ ಗೆರೆಯನ್ನು ಮುಟ್ಟಿ ಮುಟ್ಟಿ ನೋಡುತ್ತಾರೆ.

“ಹೇಳಲ್ಲ,” ಎಂದಳು.

“ನೆನಪಿಲ್ವಾ?”

“ನೆನಪಿದ್ರೂ ಹೇಳಲ್ಲ, ಇಲ್ದಿದ್ರೂ ಹೇಳಲ್ಲ. ಇತ್ತು ಅಂದ್ರೆ ನೀನು ನಂಬಿಬಿಡ್ತೀಯ. ರಾತ್ರಿ ನಿದ್ದೆ ಮಾಡ್ತೀಯ. ಆಮೇಲೆ ಒಂದಿನ, ಅಕ್ಕ ಪ್ರೀತಿಗೆ ಹೇಳಿದ್ಲೇನೋ ಅಂತ ಮತ್ತೆ ಶುರು ಮಾಡ್ತೀಯ. ಇರಲಿಲ್ಲ ಅಂದ್ರಂತೂ ಬಿಡು. ನಿನ್ನ ಗಾಳಿಗೆ ನನ್ನ ಪರದೆ ಯಾಕೆ ಹಾರಬೇಕು?” ಅವಳು ಹೆಲ್ಮೆಟ್ಟನ್ನು ಬಿಚ್ಚಿ, ಕಾವಲುಗಾರನ ಕಿಟಕಿಯಲ್ಲಿಟ್ಟು, ತಮ್ಮನದನ್ನೂ ತಾನೇ ತೆಗೆದಿಟ್ಟಳು. “ಆ ಪುಸ್ತಕ ಇನ್ನೂ ಇದೆಯಾ?”

“ಕಚೇರಿಯಲ್ಲಿದೆ.”

“ನಡಿ. ಈಗಿನ್ನೂ ಮೂರು ಗಂಟೆ.”

“ನಿನ್ನ ಷೇರು...”

“ನನ್ನ ಷೇರಿನ ಚಿಂತೆ ನನಗಿರಲಿ. ಅಂಕುಡೊಂಕು ಕತ್ತರಿಸಿದ ಬಟ್ಟೆ ಮೇಲೆ ನಾನು ಯಾವತ್ತೂ ಹೊಲಿದಿಲ್ಲ.”

ಸರ್ವೆ ಕಚೇರಿ ಎರಡು ಬೀದಿಯಾಚೆ. ಈಗ ಅದನ್ನು ನೋಡಿಕೊಳ್ಳುತ್ತಿರುವ ಮೇಡಂ ಒಂದು ಕಾಲದಲ್ಲಿ ಅವನ ಕೈಕೆಳಗೆ ಅಳತೆಯ ಅಂಕಿಗಳನ್ನು ಬರೆದುಕೊಳ್ಳುತ್ತಿದ್ದವಳು. ಈಗ ಐವತ್ತರ ಹೆಂಗಸು, ಕನ್ನಡಕ ನೆತ್ತಿಯ ಮೇಲೆ. “ಏನ್ ಮಿಲಿಮೀಟರ್ ಸಾರ್, ಪಿಂಚಣಿ ಕಡಿಮೆ ಬಂತಾ? ಎಷ್ಟು ಮಿಲಿ?” ಎಂದು ನಕ್ಕಳು. ಅವನು ಬಂದ ಕಾರಣವನ್ನು ಹೇಳುತ್ತಿದ್ದಂತೆ ಕನ್ನಡಕ ನೆತ್ತಿಯಿಂದ ಮೂಗಿಗೆ ಇಳಿಯಿತು. ಬೀರುವಿನಿಂದ ಪುಸ್ತಕ ಬಂತು. ಪುಟ ಹುಡುಕಬೇಕಾಗಲಿಲ್ಲ, ಅವನ ಬೆರಳಿಗೆ ಅದ್ಯಾವುದೆಂದು ತಿಳಿದಿತ್ತು. ‘ಗಾಳಿ’ ಎಂಬ ಆ ಎರಡಕ್ಷರ ಅವನ ಇತರ ಬರಹಕ್ಕಿಂತ ಸ್ವಲ್ಪ ದುಂಡಾಗಿ, ಸ್ವಲ್ಪ ಮುದ್ದಾಗಿ ಇದ್ದವು. ಸುಳ್ಳೇ ಇರಲಿ ಸಂದೇಹವೇ ಇರಲಿ, ಕೈ ಅದನ್ನು ಎಷ್ಟು ಅಕ್ಕರೆಯಿಂದ ಬರೆದಿದೆ ಎಂದು ಅವನು ನಾಚಿದ.

“ಸಾರ್, ಯಾರೂ ಕೇಳಿಲ್ಲ. ಯಾರೂ ಕೇಳೋದೂ ಇಲ್ಲ,” ಎಂದಳು ಮೇಡಂ, ಮೆಲ್ಲಗೆ.

“ಹೌದಮ್ಮ.”

“ತಿದ್ದಿದ್ರೆ ಮೇಲಕ್ಕೆ ಕಳಿಸ್ಲೇಬೇಕು. ಕಂಪನಿಗೂ ಇವತ್ತೇ ಒಂದು ಪ್ರತಿ ಹೋಗುತ್ತೆ. ಹೊಸ ಬಾವಿಗಳಿಗೆ ಒಪ್ಪಿಗೆ ಕೊಡೋ ಮೊದಲು ಈ ಒಂಬತ್ತು ವರ್ಷದ ಪಟ್ಟಿನೇ ನೋಡ್ತಾರೆ. ಮೂರರ ಬದಲು ಎರಡು ಕೊಡಬಹುದು. ಒಂದೂ ಕೊಡದೇ ಇರಬಹುದು. ನಿಮಗೊಂದು ನೋಟೀಸು ಬರುತ್ತೆ. ಅದು ಖಂಡಿತ.”

“ಬರಲಿ,” ಎಂದಳು ಅಕ್ಕ, ತನ್ನ ಹೆಸರಿಗೇ ಬರುವುದೆಂಬಂತೆ.

ಫೀಲ್ಡ್ ಬುಕ್ಕಿನಲ್ಲಿ ಅಳಿಸುವಂತಿಲ್ಲ, ತಿದ್ದಿ ಬರೆಯುವಂತಿಲ್ಲ. ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆದು, ಮೇಲೆ ಹೊಸದನ್ನು ಬರೆದು, ಪಕ್ಕದಲ್ಲಿ ರುಜು ಹಾಕಬೇಕು. ಈ ಪಾಠವನ್ನು ಮೇಡಂಗೆ ಹೇಳಿಕೊಟ್ಟವನೇ ಅವನು. ಅವಳು ಪುಸ್ತಕವನ್ನು ಅವನ ಕಡೆಗೆ ತಿರುಗಿಸಿ ಇಟ್ಟು, ಗುರುವಿನ ಮುಂದೆ ನಿಲ್ಲುವವಳಂತೆ ಕುರ್ಚಿಯಿಂದೆದ್ದು ನಿಂತಳು. ಅವನು ಗೆರೆ ಎಳೆದ. ಮೇಲೆ ಬರೆದ: ‘ಗಾಳಿಯಿತ್ತೆಂದು ಖಚಿತವಾಗಿ ಹೇಳಲಾರೆ. ನಾಲ್ಕನೆಯ ಸಲ ಅಳೆಯಬೇಕಿತ್ತು, ಅಳೆಯಲಿಲ್ಲ. ಆಗ ನನ್ನ ಅಕ್ಕ ಈ ಕಂಪನಿಯ ಷೇರುದಾರಳಾಗಿದ್ದಳು.’ ಬರೆದ ಮೇಲೆ ಏನೋ ಕಡಿಮೆಯಾಯಿತೆನಿಸಿ, ‘ಅಕ್ಕ’ ಎಂಬುದರ ಹಿಂದೆ ಬಾಣದ ಗುರುತು ಹಾಕಿ ‘ಮನೆಯವಳಾದ’ ಎಂದು ಸೇರಿಸಿದ. ಅದಕ್ಕೂ ರುಜು ಹಾಕಿದ.

ಕಚೇರಿಯ ಹೊರಗಿನ ಜಗಲಿಯ ಬೆಂಚಿನ ಮೇಲೆ ಇಬ್ಬರೂ ಕೂತರು. ಹಗುರವಾಗಿದೆಯೇ ಎಂದು ಅವನು ತನ್ನನ್ನು ತಾನೇ ತೂಗಿ ನೋಡಿಕೊಂಡ, ಹಾಗೇನೂ ಆಗಿರಲಿಲ್ಲ. ಹಸಿವಾಗಿತ್ತು. ನೋಟೀಸಿಗೆ ಏನು ಉತ್ತರ ಕೊಡುವುದೋ ಎಂಬ ಹೊಸ ಭಯವೂ ಬಂದು ಪಕ್ಕದಲ್ಲಿ ಜಾಗ ಮಾಡಿಕೊಳ್ಳುತ್ತಿತ್ತು. ಅಕ್ಕ ಚೀಲದಿಂದ ಅರ್ಜಿಯನ್ನು ತೆಗೆದು ಮಡಿಕೆ ಬಿಡಿಸಿದಳು.

“ಈಗ ಹೇಳು. ಹಾಕಲಾ?”

ಅವನಿಗೆ ದಿಗಿಲಾಯಿತು. “ಇಷ್ಟೆಲ್ಲ ಆದಮೇಲೂ ನನ್ನನ್ನೇ ಕೇಳ್ತೀಯಾ?”

“ಇನ್ಯಾರನ್ನ ಕೇಳಲಿ? ಆ ಬ್ಯಾಂಕಿನೋನನ್ನಾ?”

ಅನಿಲ ಇನ್ನೂ ಎಷ್ಟು ವರ್ಷ ಬರುತ್ತದೆ, ಅಯೋಡಿನ್ನಿಗೆ ಬೇಡಿಕೆ ಕುಗ್ಗಲಾರದು, ಎರಡೇ ಬಾವಿಯಾದರೂ ಕಂಪನಿ ಉಳಿದೀತು, ಒಂದೂ ಇಲ್ಲವಾದರೆ ಬೆಲೆ ಬಿದ್ದೀತು. ಹೇಳಬಹುದಾದ ಎಲ್ಲವೂ ನಾಲಗೆಯ ತುದಿಯವರೆಗೆ ಬಂದವು. ಒಂದೊಂದನ್ನೂ ಅವನು ಕೋಲಿನ ಮೇಲಿನ ಗೆರೆಯಂತೆ ನೋಡಿ ಬಿಟ್ಟುಬಿಟ್ಟ.

“ಗೊತ್ತಿಲ್ಲ ಅಕ್ಕಾ,” ಎಂದ. “ನಿಜವಾಗ್ಲೂ ಗೊತ್ತಿಲ್ಲ.”

ಅಕ್ಕ ಅವನ ಕಡೆಗೆ ತಿರುಗಿ ಬಾಯ್ತುಂಬ ನಕ್ಕಳು. “ಅಬ್ಬ! ಅರವತ್ತಮೂರು ವರ್ಷಕ್ಕೆ ಒಂದು ಮಾತು ಸರಿಯಾಗಿ ಆಡಿದೆ ನೋಡು. ಸರಿ, ಪೆನ್ನು ಕೊಡು.”

“ಅಕ್ಕಾ, ಯೋಚನೆ ಮಾಡಿ...”

“ಕೊಡೋ ಅಂದ್ರೆ.”

ಕೊಟ್ಟ. ಅವಳು ಅರ್ಜಿಯನ್ನು ಚೀಲದ ಮೇಲಿಟ್ಟು, ಕಾಗದಕ್ಕೆ ಮೂಗು ತಾಗುವಷ್ಟು ಬಾಗಿ, ಬರೆಯುವ ಜಾಗಕ್ಕೆ ಎಡಗೈಯನ್ನು ಗೋಡೆಯಂತೆ ಅಡ್ಡ ಹಿಡಿದಳು. ಪರೀಕ್ಷೆಯಲ್ಲಿ ಪಕ್ಕದವಳಿಗೆ ತೋರಿಸದ ಹುಡುಗಿಯಂತೆ ಅವನಿಗೆ ಬೆನ್ನುಮಾಡಿ ಕೂತಳು. “ಇಣುಕಬೇಡ,” ಎಂದಳು.

ಅವನು ಮುಖವನ್ನು ರಸ್ತೆಯ ಕಡೆಗೆ ತಿರುಗಿಸಿಕೊಂಡ. ಕಾಗದದ ಮೇಲೆ ಪೆನ್ನು ಎದ್ದು ಕೂರುವ ಸದ್ದು ಕೇಳುತ್ತಿತ್ತು. ಎಣಿಸಿದ್ದರೆ ಎಷ್ಟು ಅಂಕಿ ಬರೆದಳೆಂದು ತಿಳಿಯುತ್ತಿತ್ತು. ಅವನು ಎಣಿಸಲಿಲ್ಲ.